ಚೇಲಾ ಪಡೆ: ಚಿತ್ರದುರ್ಗದ ಸೆರೆಮಕ್ಕಳು

ಎಮ್ಮೆದೊಡ್ಡಿಯನ್ನು ಒಳಗೊಂಡ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಚರಿತ್ರೆಯನ್ನು ಬರೆದವರು ಅಮೃತಮಹಲ್ ಕಾವಲುಗಳನ್ನೂ ಹೈದರಾಲಿಯ ಫಿರಂಗಿಗಳನ್ನು ಎಳೆದ ಎತ್ತುಗಳನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಅದೇ ಯುದ್ಧಗಳಲ್ಲಿ ನೆರೆಯ ಚಿತ್ರದುರ್ಗದಿಂದ ಸಾಗಿಸಲ್ಪಟ್ಟ ಮಕ್ಕಳಿಗೆ ಅಷ್ಟು ಪುಟಗಳು ದೊರೆತಿಲ್ಲ.

1779ರಲ್ಲಿ ಚಿತ್ರದುರ್ಗವು ಹೈದರನ ವಶವಾಯಿತು. ಕೊನೆಯ ಮದಕರಿನಾಯಕನು ಪರಿವಾರಸಮೇತ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದನು. ಬೇಡ ಸಮುದಾಯದ ಸುಮಾರು 20,000 ಜನರನ್ನೂ ಹೈದರನು ಅಲ್ಲಿಗೇ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತಾಂತರಿಸಿ, ತುರ್ಕಿಯ ಜಾನಿಸಾರಿಗಳ ಮಾದರಿಯಲ್ಲಿ ಮೊದಲ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು, ಗೆದ್ದವರ ಪಕ್ಷದವನು. ಆದುದರಿಂದ ಅವನ ಅಂಕಿಗಳನ್ನು ಎಚ್ಚರದಿಂದ ಸ್ವೀಕರಿಸಬೇಕು. ಆದರೆ ಚೇಲಾ ಪಡೆಗಳ ಅಸ್ತಿತ್ವವು ಅವನೊಬ್ಬನ ಮಾತನ್ನೇ ಅವಲಂಬಿಸಿಲ್ಲ. ಟೀಪುವಿನ ಆಡಳಿತದ ಕಾಗದಪತ್ರಗಳಲ್ಲಿಯೂ ಆ ಹೆಸರು ಬರುತ್ತದೆ.

ಚೇಲಾ ಎಂದರೆ ಶಿಷ್ಯ. ಗುಲಾಮ ಎಂಬ ಮಾತಿಗೆ ಬದಲಾಗಿ ಈ ಪದವನ್ನು ಬಳಕೆಗೆ ತಂದವನು ಅಕ್ಬರನು. ಪದವು ಮೃದುವಾದರೂ ವ್ಯವಸ್ಥೆಯ ತರ್ಕ ಕಠಿಣವಾದುದು. ಬೇಡರ ನಿಷ್ಠೆ ಅವರ ನಾಯಕನಿಗೆ, ಅವರ ದುರ್ಗಕ್ಕೆ ಸಂದಿತ್ತು. ಮನೆ, ಕುಲ, ಹೆಸರುಗಳಿಂದ ಬೇರ್ಪಟ್ಟ ಬಾಲಕನಿಗಾದರೋ ದೊರೆಯ ಹೊರತು ಬೇರೆ ಆಸರೆಯಿಲ್ಲ. ಕೋಟೆಯ ಯೋಧಕುಲವನ್ನು ಬರಿದುಮಾಡುವುದು, ತನ್ನ ಸೈನ್ಯವನ್ನು ತುಂಬಿಕೊಳ್ಳುವುದು ಎರಡೂ ಒಂದೇ ಕ್ರಮದಿಂದ ಸಾಧ್ಯವಾಯಿತು.

ಈ ವ್ಯವಸ್ಥೆಯಲ್ಲಿ ಮೇಲೇರಿದವರೂ ಉಂಟು. ಮಲಬಾರಿನ ದಂಡಯಾತ್ರೆಯಲ್ಲಿ ಸೆರೆಸಿಕ್ಕ ನಾಯರ್ ಹುಡುಗನೊಬ್ಬ ಶೇಖ್ ಅಯಾಜ್ ಎಂಬ ಹೆಸರಿನಿಂದ ಬಿದನೂರಿನ ಅಧಿಪತಿಯಾದನು. 1783ರಲ್ಲಿ ಆ ನಗರವನ್ನು ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿದವನೂ ಅವನೇ. ಚೇಲಾ ಬಾಲಕರಲ್ಲಿ ತನ್ನ ಅನುಭವವನ್ನು ತಾನೇ ಬರೆದಿಟ್ಟವನು ಜೇಮ್ಸ್ ಸ್ಕರಿ. 1782ರಲ್ಲಿ ಫ್ರೆಂಚರು ಹಡಗಿನಿಂದ ಹಿಡಿದು ಹೈದರನಿಗೊಪ್ಪಿಸಿದ ಈ ಇಂಗ್ಲಿಷ್ ಹುಡುಗನ ಕಥನ, ಅವನು ಸತ್ತ ಮೇಲೆ, 1824ರಲ್ಲಿ ಅಚ್ಚಾಯಿತು. ದುರ್ಗದ ಹುಡುಗರಿಗೆ ಅಂತಹ ಪುಸ್ತಕದ ಭಾಗ್ಯವಿರಲಿಲ್ಲ.

ಯುದ್ಧದಲ್ಲಿ ಮಕ್ಕಳನ್ನು ಸಾಧನವಾಗಿಸಿಕೊಂಡುದು ಒಂದೇ ಪಕ್ಷವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪುವಿನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಕಾರ್ನ್‌ವಾಲಿಸನು ಒತ್ತೆಯಾಗಿ ಪಡೆದು ಮದರಾಸಿಗೆ ಕಳುಹಿಸಿದನು. ಹಿರಿಯವನಿಗೆ ಸುಮಾರು 10 ವರ್ಷ, ಕಿರಿಯವನಿಗೆ 8. ಅವರು ಹಿಂದಿರುಗಿದುದು 1794ರಲ್ಲಿ. ಆಂಗ್ಲ ಚಿತ್ರಕಾರರು ಆ ಒಪ್ಪಿಸುವಿಕೆಯನ್ನು ತಂದೆಯ ವಾತ್ಸಲ್ಯದ ದೃಶ್ಯವೆಂಬಂತೆ ಬರೆದು ಪ್ರಸಿದ್ಧಿಪಡಿಸಿದರು.

ಹೆಸರು ಬದಲಿಸಿದ ಮಾತ್ರಕ್ಕೆ ಊರಿನ ನೆನಪು ಅಳಿಯಿತೆ? ಕೊಡಗಿನಿಂದ ಸೆರೆತಂದವರನ್ನು ಟೀಪು ಅಹ್ಮದಿ ಚೇಲಾಗಳೆಂಬ ಪಡೆಯಾಗಿ ರೂಪಿಸಿದ್ದನು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆದಾಗ, ಅವರಲ್ಲಿ ಸುಮಾರು 10,000 ಮಂದಿ ಹೆಂಡಿರು ಮಕ್ಕಳೊಡನೆ ಕೊಡಗಿನ ಕಾಡುಗಳತ್ತ ನಡೆದುಹೋದರೆಂದು ವಿಲ್ಕ್ಸನೇ ಬರೆದಿದ್ದಾನೆ. ದುರ್ಗದಿಂದ ಬಂದ ಬಾಲಕರು ಆ ವೇಳೆಗೆ ಊರು ಬಿಟ್ಟು ಹದಿಮೂರು ವರ್ಷಗಳಾಗಿದ್ದವು.