ಜಿಮ್ಮಿ ಡಗ್ಲಾಸ್ ಕಾಯ್ದ ಗೋಲು

ಮಾಂಟೆವಿಡಿಯೊ ನಗರದ ನ್ಯಾಸಿಯೊನಾಲ್ ಕ್ಲಬ್ಬಿನ ತವರಾದ ಈ ಗ್ರಾನ್ ಪಾರ್ಕೆ ಸೆಂಟ್ರಾಲ್ ಕ್ರೀಡಾಂಗಣ 1900ರಲ್ಲಿ ಆರಂಭವಾಯಿತು. 1930ರ ಜುಲೈ 13ರಂದು, ಮೊದಲ ವಿಶ್ವಕಪ್ ಫುಟ್‌ಬಾಲಿನ ಮೊದಲ ದಿನವೇ, ಅಮೆರಿಕ ತಂಡವು ಬೆಲ್ಜಿಯಂ ತಂಡವನ್ನು ಇಲ್ಲಿ 3-0 ಅಂತರದಿಂದ ಸೋಲಿಸಿದಾಗ, ನ್ಯೂಜೆರ್ಸಿಯ ಗೋಲ್‌ಕೀಪರ್ ಜಿಮ್ಮಿ ಡಗ್ಲಾಸ್ (1898–1972) ವಿಶ್ವಕಪ್ ಚರಿತ್ರೆಯ ಮೊದಲ ‘ಕ್ಲೀನ್ ಶೀಟ್’, ಅಂದರೆ ಎದುರಾಳಿಗೆ ಒಂದು ಗೋಲನ್ನೂ ಬಿಟ್ಟುಕೊಡದ ಪಂದ್ಯದ ದಾಖಲೆಯನ್ನು, ತಮ್ಮದಾಗಿಸಿಕೊಂಡರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿದ್ದ ಅವರು, ನಾಲ್ಕೇ ದಿನಗಳ ಬಳಿಕ ಇದೇ ಅಂಗಣದಲ್ಲಿ ಪರಾಗ್ವೆ ತಂಡಕ್ಕೂ ಗೋಲು ದಕ್ಕಲು ಬಿಡಲಿಲ್ಲ.

ಗೋಲುಕಂಬಗಳ ನಡುವಿನ ಅಂತರವನ್ನು ಗಮನಿಸಿ: 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಈ ಅಳತೆ ಅಂದಿನಿಂದ ಬದಲಾಗಿಲ್ಲ.

ಅದೇ ವಿಶ್ವಕಪ್ಪಿನಲ್ಲಿ, ಸೆಂಟೆನಾರಿಯೊ ಕ್ರೀಡಾಂಗಣದಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಅಮೆರಿಕ ತಂಡದ ವಿರುದ್ಧ 6-1ರಿಂದ ಗೆದ್ದಿತಾದರೂ, ಆರಂಭದಲ್ಲೇ ಮೊಣಕಾಲಿಗೆ ಪೆಟ್ಟು ತಿಂದಿದ್ದ ಡಗ್ಲಾಸ್ ಅವರ ಸ್ಥಾನಕ್ಕೆ ಬದಲಿ ಆಟಗಾರರನ್ನು ಇಳಿಸಲು ಆಗಿನ ನಿಯಮದಲ್ಲಿ ಅವಕಾಶವೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.