ಹಗೇವಿನಿಂದ ಪಡಿತರ ಚೀಟಿಯವರೆಗೆ

ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ದಂಡನಾಯಕನಾಗಿದ್ದವನು ದಾಸನಾದ ಕತೆ ಎಲ್ಲರಿಗೂ ಗೊತ್ತು. ಆದರೆ ಅವರು ಬರೆದ ‘ರಾಮಧಾನ್ಯ ಚರಿತ್ರೆ’ ಕರ್ನಾಟಕದ ಊಟದ ಚರಿತ್ರೆಗೂ ಒಂದು ದಾಖಲೆ ಎಂಬುದನ್ನು ನೆನಪಿಸಿಕೊಳ್ಳುವವರು ಕಡಿಮೆ. ಭಾಮಿನಿ ಷಟ್ಪದಿಯ ಈ ಸಣ್ಣ ಕಾವ್ಯದಲ್ಲಿ ಅಕ್ಕಿಗೂ ರಾಗಿಗೂ ಜಗಳ ಹತ್ತುತ್ತದೆ. ಲಂಕೆಯಿಂದ ಹಿಂದಿರುಗುವ ರಾಮ ಮುನಿಗಳ ಆಶ್ರಮದಲ್ಲಿ ತಂಗಿದಾಗ, ಧಾನ್ಯಗಳಲ್ಲಿ ಯಾವುದು ದೊಡ್ಡದು ಎಂಬ ಮಾತು ಬರುತ್ತದೆ. ಅಕ್ಕಿಯು ರಾಗಿಯನ್ನು ಕೀಳು ಕುಲದವರ ಆಹಾರವೆಂದು ಹೀಯಾಳಿಸುತ್ತದೆ. ನೀನು ಉಳ್ಳವರ ಪಕ್ಷಪಾತಿ, ಬಡವರನ್ನು ಕಣ್ಣೆತ್ತಿ ನೋಡದವನು ಎಂದು ರಾಗಿ ತಿರುಗಿಬೀಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೊಳೆಯುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ರಾಘವನ ಹೆಸರನ್ನೇ ಪಡೆದು ಗೆಲ್ಲುತ್ತದೆ.

ಇದನ್ನು ಜಾತಿಯ ಮೇಲರಿಮೆಗೆ ಕೊಟ್ಟ ಏಟು ಎಂದು ವಿಮರ್ಶಕರು ಓದಿದ್ದಾರೆ. ಅದು ಸರಿಯೇ. ಜೊತೆಗೆ ಅಕ್ಷರಶಃ ಧಾನ್ಯದ ಕತೆಯಾಗಿಯೂ ಇದನ್ನು ಓದಬಹುದು. ಯಾವ ಕಾಳು ಯಾರ ತಟ್ಟೆಗೆ, ಯಾವ ಕಾಳು ಕೆಟ್ಟ ಕಾಲದಲ್ಲಿ ಉಳಿಯುತ್ತದೆ, ಅದನ್ನು ತೀರ್ಮಾನಿಸುವವರು ಯಾರು? ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಎದ್ದಿವೆ.

ನಾಲ್ಕು ತಾಲ್ಲೂಕು, ಎರಡು ಸೀಮೆ

ಈ ನಾಲ್ಕೂ ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು, ಈಗ ಹಾವೇರಿ ಜಿಲ್ಲೆಯಲ್ಲಿವೆ. ಬ್ರಿಟಿಷರ ಕಾಗದಪತ್ರಗಳಲ್ಲಿ ಶಿಗ್ಗಾಂವಿ ಸೀಮೆಗೆ ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರು ಸೀಮೆಗೆ ಕೋಡ ತಾಲ್ಲೂಕೆಂದೂ ಹೆಸರಿತ್ತು. ಸವಣೂರು ನವಾಬರ ಸಣ್ಣ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು.

ನೆಲ ನೋಡಿದರೆ ಇದು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಜಾಗ. ಹಾನಗಲ್ಲಿನ ಕಡೆ ಮಳೆ ಹೆಚ್ಚು, ಕೆರೆಗಳು ಹೆಚ್ಚು. ಅಲ್ಲಿ ಭತ್ತ ಬೆಳೆಯುತ್ತದೆ. ಆ ತಾಲ್ಲೂಕಿನ ಅಕ್ಕಿಆಲೂರು ತನ್ನ ಹೆಸರಿನಲ್ಲೇ ಅಕ್ಕಿಯನ್ನು ಹೊತ್ತಿದೆ. ಹಿರೇಕೆರೂರಿನ ಹೆಸರಿನಲ್ಲೂ ಕೆರೆಯಿದೆ. ಅದೇ ಸೀಮೆಯ ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆ ವಿಜಯನಗರ ಕಾಲದ ಸಾಹಸಗಳಲ್ಲಿ ಒಂದು. ಪೂರ್ವಕ್ಕೆ ಸರಿದಂತೆ ಸವಣೂರಿನ ಕಡೆ ಎರೆಭೂಮಿ ಬರುತ್ತದೆ. ಅಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ. ನಡುವಿನ ಕೆಂಪು ಮಸಾರಿ ನೆಲದಲ್ಲಿ ನವಣೆ, ಸಾವೆ, ರಾಗಿ, ಜೊತೆಗೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಅಲಸಂದಿ.

ಅಂದರೆ ಇಪ್ಪತ್ತು ಮೂವತ್ತು ಮೈಲಿಯೊಳಗೆ ಅನ್ನ, ರೊಟ್ಟಿ, ನುಚ್ಚು, ಕಾಳುಪಲ್ಯ ಎಲ್ಲವೂ ಸಿಗುವ ನಾಡಿದು. ಆದರೆ ನಾಡಿನಲ್ಲಿ ಬೆಳೆದದ್ದೆಲ್ಲ ನಾಡಿನವರೆಲ್ಲರಿಗೂ ಸಿಗುತ್ತಿತ್ತೇ?

ಕಣದಲ್ಲಿ ಪಾಲು

ಹಳೆಯ ಹಳ್ಳಿಯಲ್ಲಿ ಕಾಳು ಹಂಚಿಕೆಯಾಗುತ್ತಿದ್ದದ್ದು ಅಂಗಡಿಯಲ್ಲಲ್ಲ, ಕಣದಲ್ಲಿ. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ತಳವಾರ ಮೊದಲಾದ ಆಯಗಾರರಿಗೆ ವರ್ಷದ ಕೆಲಸಕ್ಕೆ ಪ್ರತಿಯಾಗಿ ರಾಶಿಯಲ್ಲಿ ಪಾಲು ಇತ್ತು. ಕೂಲಿಯೂ ಬಹುಮಟ್ಟಿಗೆ ಕಾಳಿನಲ್ಲೇ. ಹೀಗಾಗಿ ಜೋಳದ ಬೆಲೆ ಏರಿದರೂ ಇಳಿದರೂ ಕೂಲಿಯವನ ಮನೆಗೆ ಜೋಳವೇ ಬರುತ್ತಿತ್ತು. ಆದರೆ ಈ ಹಂಚಿಕೆ ಸಮಾನವಾಗಿರಲಿಲ್ಲ. ಊರ ಹೊರಗಿನ ಕೇರಿಗಳ ಪಾಲು ಕೊನೆಯದು ಮತ್ತು ಕಡಿಮೆಯದು. ಕಣ ಗುಡಿಸಿದ ಮಣ್ಣುಗಾಳೂ ಅದರಲ್ಲಿ ಸೇರಿರುತ್ತಿತ್ತು.

ಉಳಿದ ಜೋಳ ಹಗೇವಿಗೆ ಇಳಿಯುತ್ತಿತ್ತು. ಹಗೇವು ಎಂದರೆ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಸುತ್ತ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಮೇಲೆ ಹುಲ್ಲು ಹಾಕಿ ಮಣ್ಣು ಮುಚ್ಚಿದರೆ ಒಳಗೆ ಗಾಳಿ ಆಡದು, ಹುಳ ಬದುಕದು. ವರ್ಷಗಟ್ಟಲೆ ಜೋಳ ಉಳಿಯುತ್ತಿತ್ತು. ಬಾಯಿ ತೆರೆದೊಡನೆ ಒಳಗಿಳಿದರೆ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆಂದು ಕೆಲಹೊತ್ತು ಕಾಯುವ ರೂಢಿ ಇತ್ತು. ಕನಕದಾಸರ ರಾಗಿ ಸೆರೆಯಲ್ಲಿ ಕೆಡದೆ ಉಳಿದದ್ದು ಬರೀ ಕವಿಕಲ್ಪನೆಯಲ್ಲ. ಸರಿಯಾಗಿ ಇಟ್ಟರೆ ರಾಗಿ, ಜೋಳ ತಾಳುತ್ತವೆ ಎಂಬುದು ಈ ಸೀಮೆಯ ರೈತರ ಅನುಭವ.

ಬರಗಾಲದ ವಿಮೆಯಂತಿದ್ದ ಈ ಹಗೇವು ಎಲ್ಲರ ಮನೆಯಲ್ಲೂ ಇರಲಿಲ್ಲ. ಇಲ್ಲದವರು ಇದ್ದವರಲ್ಲಿ ಕಾಳುಸಾಲ ತರುತ್ತಿದ್ದರು. ಸುಗ್ಗಿಯಲ್ಲಿ ಸವಾಯಿ ಲೆಕ್ಕದಲ್ಲಿ ಒಂದಕ್ಕೆ ಒಂದೂಕಾಲು, ದೀಡಿ ಲೆಕ್ಕದಲ್ಲಿ ಒಂದೂವರೆ ಹಿಂದಿರುಗಿಸಬೇಕು. ಎರಡು ವರ್ಷ ಮಳೆ ಹೋದರೆ ಹಗೇವು ಇದ್ದವನು ಉಳಿಯುತ್ತಿದ್ದ, ಇಲ್ಲದವನು ಜೀತಕ್ಕೆ ಬೀಳುತ್ತಿದ್ದ ಇಲ್ಲವೇ ಊರು ಬಿಡುತ್ತಿದ್ದ. 1790ರ ದಶಕದ ಆರಂಭದ ಬರಕ್ಕೆ ಜನ ಇಟ್ಟ ಹೆಸರು ಡೋಗಿ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬ ನೆನಪು ಆ ಹೆಸರಿನಲ್ಲಿದೆ.

ಧಾತು ಬರದ ಪಾಠ

1840ರ ದಶಕದಿಂದ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಯ ತಳಿ ಹಬ್ಬಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ರೊಕ್ಕ ಕಂಡ ರೈತ ಹತ್ತಿ ಬಿತ್ತಿದ. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಆದರೆ ರೊಕ್ಕದ ಬೆಳೆ, ರೊಕ್ಕದ ಕಂದಾಯ, ರೊಕ್ಕದ ಸಾಲ ಹಳ್ಳಿಯಲ್ಲಿ ಉಳಿದವು.

1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ಹೋಯಿತು. ಶಿಗ್ಗಾಂವಿ ಸೀಮೆಯ ಶಿಶುನಾಳ ಶರೀಫರು (1819–1889) ಬದುಕಿದ್ದ ಕಾಲವದು. ಮರುವರ್ಷವೂ ಕಷ್ಟ ಬಿಡಲಿಲ್ಲ. ಧಾರವಾಡ ಜಿಲ್ಲೆಯ ಪೂರ್ವದ ಎರೆಸೀಮೆ ಹೆಚ್ಚು ನೊಂದಿತು. ಕೆರೆ ನೀರಿನ ಹಾನಗಲ್, ಕೋಡ ಕಡೆ ಪೆಟ್ಟು ಅಷ್ಟಿರಲಿಲ್ಲ. 1872ರಲ್ಲಿ ಹತ್ತಿರ ಹತ್ತು ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಒಂಬತ್ತು ಲಕ್ಷಕ್ಕಿಂತ ಕೆಳಗಿಳಿದಿತ್ತು.

ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ರಸ್ತೆ, ಕೆರೆ ಕೆಲಸಕ್ಕೆ ಕೂಲಿ ಎಷ್ಟು ಎಂಬುದೇ ದೊಡ್ಡ ವಿವಾದವಾಯಿತು. ವೈಸ್‌ರಾಯ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಮೇಲೆ ಸ್ವಲ್ಪ ಚಿಲ್ಲರೆ ಸಾಕೆಂದ. ಮಣ್ಣು ಹೊರುವ ಮನುಷ್ಯನಿಗೆ ಇದು ಸಾಲದು, ಬೇಳೆ ತರಕಾರಿಯಿಲ್ಲದೆ ಬರೀ ಕಾಳಿನಿಂದ ದೇಹ ನಿಲ್ಲದು ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ಹೊಟ್ಟೆ ತುಂಬಿಸುವುದು ಬೇರೆ, ಪೋಷಣೆ ಬೇರೆ ಎಂಬ ಮಾತು ಸರ್ಕಾರದ ಕಡತಕ್ಕೆ ಬಂದದ್ದು ಹೀಗೆ. ಮುಂಬಯಿ ಪ್ರಾಂತದಲ್ಲಿ ಕೂಲಿ ಕಡಿತದ ವಿರುದ್ಧ ಜನ ಕಾಮಗಾರಿ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತಿತು.

1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗ ಒಂದು ಮುಖ್ಯ ಮಾತು ಹೇಳಿತು. ಬರದಲ್ಲಿ ಜನ ಸಾಯುವುದು ದೇಶದಲ್ಲಿ ಕಾಳೇ ಇಲ್ಲದ್ದರಿಂದಲ್ಲ. ಕೆಲಸ ನಿಂತು, ಕೊಳ್ಳಲು ರೊಕ್ಕವಿಲ್ಲದ್ದರಿಂದ. ಒಂದು ಶತಮಾನದ ನಂತರ, 1981ರಲ್ಲಿ, ಅಮರ್ತ್ಯ ಸೇನ್ ಬಂಗಾಳದ 1943ರ ಕ್ಷಾಮವನ್ನು ಮುಂದಿಟ್ಟುಕೊಂಡು ಇದೇ ವಿಚಾರವನ್ನು ಇನ್ನಷ್ಟು ಬೆಳೆಸಿದರು. ಧಾತು ಬರದ ನಂತರ ಬಂದ ರೈಲು ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು ಮಾರ್ಗವಾಗಿ ಹರಿಹರ ಮುಟ್ಟಿತು. ಬರದ ಊರಿಗೆ ಕಾಳು ತರಲು ಅದು ಬೇಕಾಗಿತ್ತು. ಆದರೆ ಬೆಲೆ ಇದ್ದ ಕಡೆಗೆ ಊರಿನ ಕಾಳನ್ನು ಒಯ್ದದ್ದೂ ಅದೇ ರೈಲು. ಪೇಟೆಗೆ ಮಾರುವ ದಾರಿ ಸುಲಭವಾದಂತೆ ಹಗೇವುಗಳು ಒಂದೊಂದಾಗಿ ಮುಚ್ಚಿದವು.

ಕೆಂಪು ಜೋಳದಿಂದ ಅನ್ನಭಾಗ್ಯಕ್ಕೆ

ಪಡಿತರ ಪದ್ಧತಿ ಯುದ್ಧಕಾಲದ ಕೂಸು. 1943ರಲ್ಲಿ ಮುಂಬಯಿ ನಗರದಲ್ಲಿ ಆರಂಭವಾದ ರೇಶನ್ ಸ್ವಾತಂತ್ರ್ಯಾನಂತರವೂ ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯಿತು. 1960ರ ದಶಕದ ನಡುವೆ ಸತತ ಬರ ಬಿದ್ದಾಗ ಪಿ.ಎಲ್. 480 ಒಪ್ಪಂದದಡಿ ಅಮೆರಿಕದಿಂದ ಗೋಧಿಯ ಜೊತೆ ಮೈಲೋ ಎಂಬ ಕೆಂಪು ಜೋಳವೂ ಬಂತು. ಬಿಳಿಜೋಳದ ರೊಟ್ಟಿ ತಟ್ಟಿದ ಕೈಗಳಿಗೆ ಅದು ಒಗ್ಗಲಿಲ್ಲ. ಹೊಲದ ತುಂಬ ಹಬ್ಬಿದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಆ ಕಾಳಿನ ಜೊತೆಗೇ ಬಂತೆಂದು ಹಳ್ಳಿಯ ಜನ ಇಂದಿಗೂ ಹೇಳುತ್ತಾರೆ.

1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಅದು ಖರೀದಿಸಿದ್ದು ಮುಖ್ಯವಾಗಿ ಗೋಧಿ ಮತ್ತು ಅಕ್ಕಿ. ಹಸಿರು ಕ್ರಾಂತಿಯ ಬೀಜ, ಗೊಬ್ಬರ, ಬೆಂಬಲ ಬೆಲೆ ಹೆಚ್ಚಾಗಿ ಈ ಎರಡು ಧಾನ್ಯಗಳ ಬೆನ್ನಿಗೆ ನಿಂತವು. 1980ರ ದಶಕದಲ್ಲಿ ಹಸಿರು ಕಾರ್ಡು, 1997ರಲ್ಲಿ ಬಡತನದ ರೇಖೆಯ ಆಧಾರದ ಪಡಿತರ, 2013ರ ಜುಲೈನಲ್ಲಿ ಅನ್ನಭಾಗ್ಯ ಬಂದವು. ಕಿಲೋಗೆ ಒಂದು ರೂಪಾಯಿಯಂತೆ ಆರಂಭವಾದ ಅಕ್ಕಿ 2015ರಿಂದ ಉಚಿತವಾಯಿತು. ಶಾಲೆಗಳಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು.

ಇದರ ಮಹತ್ವವನ್ನು ಕಡಿಮೆ ಮಾಡುವಂತಿಲ್ಲ. ಕಾಳುಸಾಲಕ್ಕೆ ಹಗೇವಿನವನ ಬಾಗಿಲಿಗೆ ಹೋಗುವ ಅವಮಾನ ತಪ್ಪಿತು. ಕೂಲಿ ಸಿಗದ ದಿನವೂ ಒಲೆ ಹೊತ್ತಿತು. ಜಾತಿ ಕೇಳದೆ, ಕಾರ್ಡು ನೋಡಿ ಕಾಳು ಕೊಡುವ ಪದ್ಧತಿ ಈ ನಾಡಿನ ಚರಿತ್ರೆಯಲ್ಲಿ ಹೊಸದು. ಕಣದಲ್ಲಿ ಕೊನೆಗೆ ನಿಲ್ಲುತ್ತಿದ್ದವರು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಎಲ್ಲರಂತೆ ನಿಂತರು.

ಹೊಲ ಬಿಟ್ಟ ಜೋಳ

ಇದೇ ಅವಧಿಯಲ್ಲಿ ಹೊಲದ ಬೆಳೆ ಬದಲಾಯಿತು. 1970ರ ದಶಕದಲ್ಲಿ ಧಾರವಾಡದ ಸಂಶೋಧನಾ ಕೇಂದ್ರದ ವರಲಕ್ಷ್ಮಿ ಹೈಬ್ರಿಡ್ ಹತ್ತಿ, 1990ರ ದಶಕದ ನಂತರ ಗೋವಿನಜೋಳ, 2002ರ ನಂತರ ಬಿ.ಟಿ. ಹತ್ತಿ ಒಂದರ ಹಿಂದೆ ಒಂದು ಬಂದವು. ಹಾವೇರಿ ಇಂದು ರಾಜ್ಯದಲ್ಲಿ ಗೋವಿನಜೋಳ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಒಂದು. ಆ ಗೋವಿನಜೋಳದಲ್ಲಿ ಊರಿನವರ ಊಟಕ್ಕೆ ಬರುವುದು ಅಲ್ಪ. ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ ಮತ್ತು ಕಾರ್ಖಾನೆಗೆ.

ಜೋಳ ಸೋತದ್ದಕ್ಕೆ ಕಾರಣ ಹಲವು. ಪೇಟೆಯಲ್ಲಿ ಬೆಲೆ ಇಲ್ಲ. ಕೊಯ್ಲಿಗೆ ಆಳು ಬೇಕು, ಕಾಳು ಕಟ್ಟಿದಾಗ ಹಕ್ಕಿ ಕಾಯಬೇಕು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ಕಣಿಕೆಗೂ ಬೇಡಿಕೆ ಇಲ್ಲ. ಸಾವೆ, ನವಣೆಯ ಕಷ್ಟ ಇನ್ನೂ ಹೆಚ್ಚು. ಅವುಗಳ ಸಿಪ್ಪೆ ಗಟ್ಟಿ. ಒರಳು ಒನಕೆ ಹಿಡಿದು ಕುಟ್ಟಿ ಅಕ್ಕಿ ಮಾಡುವ ಕೆಲಸವೆಲ್ಲ ಹೆಂಗಸರದು. ರೇಶನ್ ಅಕ್ಕಿ ಬಂದಾಗ ಆ ದುಡಿಮೆಯಿಂದ ಬಿಡುಗಡೆ ಸಿಕ್ಕಿತೆಂದು ಅವರು ಸಂತೋಷಪಟ್ಟರೆ ತಪ್ಪೇನಿಲ್ಲ. ಹಳೆಯ ಊಟವನ್ನು ಹೊಗಳುವವರು ಈ ಸಂಗತಿಯನ್ನು ಮರೆಯುವುದುಂಟು.

ಆದರೆ ನಷ್ಟವೂ ಸಣ್ಣದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಾತ್ರ. ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಅಂಥ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಅಕ್ಕಡಿ ಸಾಲು ಹೋದಾಗ ಬಡವರ ಮನೆಯ ತೊಗರಿ, ಹೆಸರೂ ಹೋದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಐದರೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದಕ್ಕೆಲ್ಲ ಅಕ್ಕಿಯೊಂದೇ ಕಾರಣವಲ್ಲ. ಆದರೆ ಅಕ್ಕಿಯೊಂದರಿಂದಲೇ ಇದು ನೀಗುವುದಿಲ್ಲ. ಕಾರ್ನಿಷ್ 1877ರಲ್ಲಿ ಎತ್ತಿದ ತಕರಾರು ಹಾಗೇ ಉಳಿದಿದೆ.

ತಿರುಗಿದ ತಕ್ಕಡಿ

ಇಷ್ಟರಲ್ಲಿ ಪೇಟೆಯ ಲೆಕ್ಕ ತಲೆಕೆಳಗಾಯಿತು. ಬಡವರ ಕಾಳೆನಿಸಿದ್ದ ಸಾವೆ, ನವಣೆಗಳಿಗೆ ‘ಸಿರಿಧಾನ್ಯ’ ಎಂಬ ಹೊಸ ಹೆಸರು ಬಂತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಅಂದವಾದ ಪೊಟ್ಟಣದಲ್ಲಿ ಕುಳಿತ ಈ ಕಾಳು ಕೂಲಿಯವರ ಕೈಗೆಟುಕದ ವಸ್ತುವಾಯಿತು. ಕನಕದಾಸರ ಕಾವ್ಯದಲ್ಲಿ ಅಕ್ಕಿ ಉಳ್ಳವರದು, ರಾಗಿ ಇಲ್ಲದವರದು. ಈಗ ಉಚಿತ ಅಕ್ಕಿ ಇಲ್ಲದವರದು, ಸಿರಿಧಾನ್ಯ ಉಳ್ಳವರದು. ಕಾಳುಗಳು ಜಾಗ ಬದಲಿಸಿದವು, ತಾರತಮ್ಯ ಉಳಿಯಿತು.

ದಾರಿಗಳು ಇಲ್ಲದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಗಳ ಜೊತೆ ಒರಟು ಧಾನ್ಯವನ್ನೂ ಹೆಸರಿಸಿ, ಅದಕ್ಕೆ ಕಿಲೋಗೆ ಒಂದು ರೂಪಾಯಿಯ ಅತಿ ಕಡಿಮೆ ದರ ನಿಗದಿ ಮಾಡಿತ್ತು. ಅದರಂತೆ ರಾಜ್ಯ ಸರ್ಕಾರ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ದಕ್ಷಿಣದವರಿಗೆ ರಾಗಿಯನ್ನೂ ಉತ್ತರದವರಿಗೆ ಜೋಳವನ್ನೂ ಪಡಿತರದಲ್ಲಿ ಕೊಡುವ ಕ್ರಮ ತಂದಿತು. ಖರೀದಿಯಾದಷ್ಟು ಮಾತ್ರ ಹಂಚಿಕೆ ಎಂಬುದು ಇದರ ಮಿತಿ. ಬಿತ್ತುವವರಿಲ್ಲದಿದ್ದರೆ ಖರೀದಿ ಎಲ್ಲಿಂದ?

ಶಿಗ್ಗಾಂವಿಯ ನೆರೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಇದಕ್ಕೊಂದು ಉತ್ತರ ಕಾಣಸಿಗುತ್ತದೆ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ 2018ರಲ್ಲಿ ಆರಂಭವಾಗಿ, ಸಿರಿಧಾನ್ಯದ ಬೀಜ ಉಳಿಸುವ ಮತ್ತು ಕಾಳು ಸಂಸ್ಕರಿಸುವ ಕೆಲಸಕ್ಕೆ ಕೈಹಾಕಿತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅದಕ್ಕೆ ಸಂದಿತು. ಒನಕೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಯಂತ್ರವನ್ನು ಹೆಂಗಸರ ಕೈಗೆ ಕೊಟ್ಟದ್ದು ಇಲ್ಲಿನ ಮುಖ್ಯ ಸಂಗತಿ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹೋಬಳಿಗೊಂದು ಇಂಥ ಗಿರಣಿ ಇದ್ದು, ಅದರ ಕಾಳು ಅದೇ ಹೋಬಳಿಯ ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ ಹೋದರೆ, ರೈತನಿಗೆ ಪೇಟೆಯೂ ಮಗುವಿಗೆ ಪೋಷಣೆಯೂ ಒಂದೇ ದಾರಿಯಲ್ಲಿ ಸಿಕ್ಕಾವು.

ರಾಮ ಆರು ತಿಂಗಳ ಗಡುವು ಕೊಟ್ಟು ತೀರ್ಪು ಹೇಳಿದ. ಆ ಕಾವ್ಯದಲ್ಲಿ ಗೆದ್ದ ಕಾಳು ಇಂದು ಅದನ್ನು ತಿಂದು ಬದುಕಿದವರ ತಟ್ಟೆಗೆ ಮರಳುವುದೇ ಎಂಬ ತೀರ್ಪನ್ನು ಮಾತ್ರ ಸರ್ಕಾರದ ಖರೀದಿ ಕೇಂದ್ರಗಳೂ ನ್ಯಾಯಬೆಲೆ ಅಂಗಡಿಗಳೂ ಕೊಡಬೇಕಾಗಿದೆ.