ಒತ್ತಕ್ಷರಕ್ಕೆ ಇಷ್ಟು ವರ್ಷ ಬೇಕೇ?

ಡಾಲಸ್‌ನ ನಮ್ಮ ಶಾಲೆಯಲ್ಲಿ ಪಾಠ ಹೇಳತೊಡಗಿದ ಹೊಸತರಲ್ಲಿ, ಎರಡು ವರ್ಷ ಕಲಿತೂ ಒತ್ತಕ್ಷರಕ್ಕೆ ತಡವರಿಸುವ ಮಕ್ಕಳನ್ನು ನಾನು ಗದರಿಸಿದ್ದುಂಟು. ಇಂಗ್ಲಿಷನ್ನು ಸರಾಗವಾಗಿ ಓದುವವರಿಗೆ ಇದೇಕೆ ಕಷ್ಟ? ಹ್ಯೂಸ್ಟನ್, ಆಸ್ಟಿನ್‌ನ ಗೆಳೆಯರ ಮನೆಗಳಲ್ಲೂ ಇದೇ ಪ್ರಶ್ನೆ.

ಉತ್ತರ ನಮ್ಮ ನಾಡಿನಲ್ಲೇ ಇತ್ತು. ಕನ್ನಡವನ್ನು ಚೆನ್ನಾಗಿ ಓದುವ ಮಕ್ಕಳಿಗೂ ‘ಕಿ’ಯಂಥದನ್ನು ಕ್, ಇ ಎಂದು ಬಿಡಿಸುವುದು ಸುಲಭವಲ್ಲ, ಅವರಿಗೆ ಅದು ಒಂದೇ ಅಕ್ಷರ ಎಂದು 1993ರಲ್ಲೇ ಪ್ರಕಾಶ್, ಪ್ರತಿಭಾ ಕಾರಂತ ಮತ್ತು ಸಂಗಡಿಗರು ತೋರಿಸಿದ್ದರು. 2007ರಲ್ಲಿ ಸೊನಾಲಿ ನಾಗ್ ಬೆಂಗಳೂರಿನ ಮಕ್ಕಳ ಓದನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿಗೆ 26 ಅಕ್ಷರ. ನಮಗೆ ಕಾಗುಣಿತ, ಒತ್ತು ಸೇರಿ ನೂರಾರು. ದಿನವೂ ಶಾಲೆಗೆ ಹೋಗುವ ಆ ಮಕ್ಕಳಿಗೇ ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಕೆ ಮುಗಿದಿರಲಿಲ್ಲ. ನಮ್ಮವರಿಗಿರುವುದು ವಾರಕ್ಕೊಂದು ಪಾಠ!

ಇಂಗ್ಲಿಷ್ ಮೊದಲು ಕಲಿತ ನಮ್ಮ ಮಕ್ಕಳು ‘ಕಿ’ ಬರೆ ಎಂದರೆ ‘ಕಇ’ ಎಂದು ಬರೆಯುತ್ತಾರೆ. ಮೊದಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆ. ಈಗ ಪಕ್ಕದಲ್ಲಿ ಕೂರಿಸಿಕೊಂಡು, ಗುಡಿಸು ಎಲ್ಲಿ ಸೇರುತ್ತದೆಂದು ಬೆರಳಿಟ್ಟು ತೋರಿಸುತ್ತೇನೆ.

ಈ ಸಲದ ಪದವೀಧರರಲ್ಲಿ ಒಬ್ಬಳು, ಐದನೇ ವರ್ಷದಲ್ಲಿ, ‘ರಾಷ್ಟ್ರ’ವನ್ನು ಒಂದೇ ಉಸಿರಿಗೆ ಓದಿದಳು.